ಪಾಲಿ ಬುಷ್ ಹಾಕಿಸಲೇ, ಲೋವರ್ ಆರ್ಮನ್ನೇ ಬದಲಿಸಲೇ?

ಪ್ರಶ್ನೆ: ನನ್ನದು 2014ರ ಸ್ವಿಫ್ಟ್ ವಿಡಿಐ, ಡೀಸೆಲ್. 1,08,000 ಕಿ.ಮೀ. ಓಡಿದೆ. ಊರು ಸಕಲೇಶಪುರದ ಹತ್ತಿರ. ತೋಟದ ಮಣ್ಣುದಾರಿ, ಶಿರಾಡಿ ಘಾಟಿ, ತಿಂಗಳಿಗೆರಡು ಸಲ ಬೆಂಗಳೂರು, ಇದು ನನ್ನ ಓಡಾಟ. ಆರು ತಿಂಗಳಿಂದ ಸಣ್ಣ ಗುಂಡಿಗಳಲ್ಲಿ ನಿಧಾನಕ್ಕೆ ಹೋಗುವಾಗ ಮುಂದೆ ಎಡಭಾಗದಲ್ಲಿ ‘ಟೊಕ್ ಟೊಕ್’ ಸದ್ದು. ಬ್ರೇಕ್ ಒತ್ತಿದರೆ ಸ್ಟೀರಿಂಗ್ ತುಸು ಎಡಕ್ಕೆ ಎಳೆಯುತ್ತದೆ. ಎಡ ಟೈರಿನ ಒಳಅಂಚು ಸವೆದಿದೆ. ಒಬ್ಬ ಮೆಕ್ಯಾನಿಕ್ ‘ಪಾಲಿಯುರಿಥೇನ್ ಬುಷ್ ಹಾಕಿಸಿ, ಜೀವನಪೂರ್ತಿ ಬರುತ್ತದೆ’ ಎನ್ನುತ್ತಾರೆ. ಇನ್ನೊಬ್ಬರು ಲೋವರ್ ಆರ್ಮ್ ಪೂರ್ತಿ ಬದಲಿಸಿ ಎನ್ನುತ್ತಾರೆ. ಅಂಗಡಿಯವರು ‘ಹೆವಿ ಡ್ಯೂಟಿ’ ಆರ್ಮ್ ತೋರಿಸುತ್ತಿದ್ದಾರೆ. ಯಾವುದು ಸರಿ? ನಾನೇ ಬಿಚ್ಚಿ ಹಾಕಬಹುದೇ? ಎರಡು ವರ್ಷದ ಹಿಂದೆ ಅಡಿ ತಾಗುತ್ತದೆಂದು ಮುಂದಿನ ಸ್ಪ್ರಿಂಗ್‌ಗಳಿಗೆ ರಬ್ಬರ್ ಬಫರ್ ಹಾಕಿಸಿದ್ದೇನೆ, ಅದನ್ನೂ ತಿಳಿಸಿಬಿಡುತ್ತೇನೆ.

ಉತ್ತರ: ಕೊನೆಯ ಸಾಲಿನಲ್ಲಿ ನೀವು ಹೇಳಿದ ಬಫರ್ ವಿಷಯದಿಂದಲೇ ಶುರು ಮಾಡೋಣ. ಯಾವ ಬುಷ್ ಹಾಕಿಸಬೇಕು ಎಂದು ತೀರ್ಮಾನಿಸುವ ಮೊದಲು ಆ ಬಫರ್‌ಗಳನ್ನು ತೆಗೆಸಿ. ಅವು ಇರುವವರೆಗೆ ನೀವು ಎಂಥ ಬುಷ್ ಹಾಕಿಸಿದರೂ ಅದು ಬೇಗ ಹರಿಯುತ್ತದೆ. ಏಕೆ ಎಂದು ತಿಳಿಯಲು ಬುಷ್, ಅಂದರೆ ಆರ್ಮ್ ಕಾರಿನ ಅಡಿಗೆ ಸೇರುವ ಕಡೆ ಕೂರುವ ರಬ್ಬರಿನ ಮೆತ್ತೆ, ಕೆಲಸ ಮಾಡುವ ಬಗೆ ಗೊತ್ತಿರಬೇಕು.

ನಿಮ್ಮ ಕಾರಿನ ಮುಂಭಾಗದ್ದು ಮ್ಯಾಕ್‌ಫರ್ಸನ್ ಸ್ಟ್ರಟ್ ಸಸ್ಪೆನ್ಷನ್: ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಂದೇ ಕಂಬದಲ್ಲಿ ಸೇರಿರುತ್ತವೆ, ಅದೇ ಸ್ಟ್ರಟ್. ಒಂದೊಂದು ಬದಿಗೆ ಚಕ್ರವನ್ನು ಕಾರಿನ ಅಡಿಗೆ ಸೇರಿಸುವ ಒಂದೇ ಲೋವರ್ ಆರ್ಮ್. ಅಡಿಯಿಂದ ನೋಡಿದರೆ ಅದು ಓರೆಯಾಗಿ ಇಟ್ಟ ‘ಎಲ್’ ಅಕ್ಷರದ ಹಾಗೆ ಕಾಣುತ್ತದೆ. ಹೊರತುದಿಯಲ್ಲಿ ಚಕ್ರದ ಕಡೆಗೆ ಸೇರುವ, ಎಲ್ಲ ದಿಕ್ಕಿಗೂ ತಿರುಗುವ ಗುಂಡುಕೀಲು, ಅಂದರೆ ಬಾಲ್ ಜಾಯಿಂಟ್, ಒಳಬದಿಯಲ್ಲಿ ಎರಡು ಬುಷ್: ಮುಂದಿನದು ಚಿಕ್ಕದು, ಗಟ್ಟಿ, ಹಿಂದಿನದು ದೊಡ್ಡದು, ಮೆದು. ಮುಂದಿನ ಬುಷ್ ಬಾಲ್ ಜಾಯಿಂಟ್‌ಗೆ ಹೆಚ್ಚುಕಡಿಮೆ ನೇರದಲ್ಲಿರುವುದರಿಂದ ತಿರುವಿನಲ್ಲಿ ಬರುವ ಅಡ್ಡಬಲವನ್ನು ಅದು ತಡೆಯುತ್ತದೆ. ಬ್ರೇಕ್ ಒತ್ತಿದಾಗ, ಗುಂಡಿಗೆ ಇಳಿದಾಗ ಚಕ್ರ ಹಿಂದಕ್ಕೆ ಹೋಗಲು ನೋಡುತ್ತದಲ್ಲ, ಆ ಬಲ ಬೀಳುವುದು ಹಿಂದಿನ ಬುಷ್ ಮೇಲೆ. ಒಂದು ಅಂದಾಜು ಲೆಕ್ಕ ನೋಡಿ. ಜನ, ಸಾಮಾನು ಸೇರಿ ಕಾರು 1,300 ಕೆ.ಜಿ. ಇದೆ ಎಂದುಕೊಳ್ಳಿ. ಜೋರಾಗಿ, 0.8 ಜಿ ಮಟ್ಟದಲ್ಲಿ (ಗುರುತ್ವದ ಹತ್ತರಲ್ಲಿ ಎಂಟು ಪಾಲು) ಬ್ರೇಕ್ ಹಾಕಿದರೆ ರಸ್ತೆ ಕಾರನ್ನು ಹಿಂದಕ್ಕೆ ತಳ್ಳುವ ಬಲ ಸುಮಾರು 1,040 ಕೆ.ಜಿ. ತೂಕದಷ್ಟು. ಅದರಲ್ಲಿ ಮುಕ್ಕಾಲಿನ ಹತ್ತಿರ ಮುಂದಿನ ಚಕ್ರಗಳ ಪಾಲು, ಅಂದರೆ ಒಂದೊಂದಕ್ಕೆ 350 ಕೆ.ಜಿ.ಗೂ ಮಿಕ್ಕಿ. ಚಕ್ರದ ತಳಕ್ಕೂ ಆರ್ಮ್‌ಗೂ ಇರುವ ಎತ್ತರದ ಅಂತರ, ಎರಡು ಬುಷ್‌ಗಳ ನಡುವಿನ ಅಂತರ, ಈ ಸನ್ನೆಯ ಲೆಕ್ಕವನ್ನೂ ಸೇರಿಸಿದರೆ ಹಿಂದಿನ ಬುಷ್‌ನ ರಬ್ಬರಿನ ಮೇಲೆ 500 ಕೆ.ಜಿ.ಗಿಂತ ಹೆಚ್ಚು ಒತ್ತಡ ಬೀಳುತ್ತದೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ, ಘಾಟಿ ಇಳಿಯುವಾಗ, ಇಷ್ಟು ಜೋರಾಗಿ ಅಲ್ಲದಿದ್ದರೂ, ಈ ಬಲ ಬೀಳುವುದು ದಿನಕ್ಕೆ ನೂರಾರು ಸಲ.

ಇದು ಹಿಂದೆ-ಮುಂದೆ ಬರುವ ಬಲ. ಇನ್ನು ಚಕ್ರ ಮೇಲೆ ಕೆಳಗೆ ಆಡುವುದು. ಹೊಸ ರಬ್ಬರ್ ಬುಷ್ ಕೈಯಲ್ಲಿ ಹಿಡಿದು ನೋಡಿ: ಹೊರಗೊಂದು ಉಕ್ಕಿನ ಕೊಳವೆ, ಒಳಗೊಂದು ಉಕ್ಕಿನ ಕೊಳವೆ, ನಡುವೆ ಎರಡಕ್ಕೂ ಬೆಸೆದ ರಬ್ಬರ್. ಅಲ್ಲಿ ಯಾವುದೂ ಜಾರುವುದಿಲ್ಲ. ಬೋಲ್ಟ್ ಬಿಗಿಯಾದಾಗ ಒಳಕೊಳವೆ ಕಾರಿನ ಅಡಿಯ ಅಡ್ಡತೊಲೆಯಾದ ಕ್ರಾಸ್‌ಮೆಂಬರ್‌ಗೆ ಕಚ್ಚಿಕೊಂಡು ನಿಂತುಬಿಡುತ್ತದೆ. ಆರ್ಮ್ ಮೇಲೆ ಕೆಳಗೆ ಆಡುವಾಗ ತಿರುಚಿಕೊಳ್ಳುವುದು ರಬ್ಬರ್ ಮಾತ್ರ. ಬೋಲ್ಟ್ ಬಿಗಿದ ಹೊತ್ತಿನಲ್ಲಿ ಆರ್ಮ್ ಯಾವ ಕೋನದಲ್ಲಿತ್ತೋ ಅದೇ ರಬ್ಬರಿನ ವಿಶ್ರಾಂತಿ ಸ್ಥಿತಿ. ಅಲ್ಲಿಂದ ಎಷ್ಟು ಡಿಗ್ರಿ ಸರಿದರೆ ಅಷ್ಟು ಡಿಗ್ರಿ ಅದು ಹಿಂಡಿದ ಬಟ್ಟೆಯಂತೆ ತಿರುಚಿಕೊಂಡಿರುತ್ತದೆ.

ಬಾಲ್ ಜಾಯಿಂಟ್‌ನಿಂದ ಬುಷ್‌ವರೆಗೆ ಆರ್ಮ್‌ನ ಉದ್ದ ಸುಮಾರು 350 ಮಿ.ಮೀ. ಎಂದಿಟ್ಟುಕೊಳ್ಳಿ. ಬಫರ್ ಹಾಕಿದ್ದರಿಂದ ಕಾರಿನ ಮೂತಿ 25 ಮಿ.ಮೀ. ಎತ್ತರವಾಗಿದ್ದರೆ ಆರ್ಮ್ 4 ಡಿಗ್ರಿಯಷ್ಟು ಕೆಳಗೆ ಬಾಗಿದೆ. ಬಫರ್ ಹಾಕಿದವರು ಆರ್ಮ್‌ನ ಬೋಲ್ಟ್ ಸಡಿಲಿಸಿ ಹೊಸ ಎತ್ತರದಲ್ಲಿ ಮತ್ತೆ ಬಿಗಿದಿರುವುದಿಲ್ಲ, ಯಾರೂ ಬಿಗಿಯುವುದಿಲ್ಲ. ಹಾಗಾಗಿ ನಿಮ್ಮ ಬುಷ್‌ಗಳು ಎರಡು ವರ್ಷದಿಂದ, ಕಾರು ಮನೆ ಮುಂದೆ ನಿಂತಿರುವಾಗಲೂ, 4 ಡಿಗ್ರಿ ತಿರುಚಿಕೊಂಡೇ ಇವೆ. ಜೊತೆಗೆ ಬಫರ್ ಸ್ಪ್ರಿಂಗಿನ ಒಂದೆರಡು ಸುತ್ತನ್ನು ಕೆಲಸ ಮಾಡದಂತೆ ಹಿಡಿದಿಟ್ಟಿದೆ, ಸ್ಪ್ರಿಂಗ್ ಆ ಮೇರೆಗೆ ಪೆಡಸಾಗಿದೆ. ಗುಂಡಿಯ ಹೊಡೆತದಲ್ಲಿ ಸ್ಪ್ರಿಂಗ್ ನುಂಗಬೇಕಾದ ಪಾಲು ಈಗ ಬುಷ್‌ಗೆ, ಸ್ಟ್ರಟ್‌ನ ಮೇಲ್ತುದಿ ಹಿಡಿದಿರುವ ಸ್ಟ್ರಟ್ ಮೌಂಟ್‌ಗೆ ಹೋಗುತ್ತಿದೆ. ಕಾರು ಎತ್ತರವಾದಾಗ ಆರ್ಮ್ ಮತ್ತು ಸ್ಟೀರಿಂಗಿನಿಂದ ಚಕ್ರ ತಿರುಗಿಸುವ ಟೈ ರಾಡ್ ಬೇರೆ ಬೇರೆ ಕಮಾನಿನಲ್ಲಿ ಇಳಿಯುವುದರಿಂದ ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣ, ಕೂಡ ಬದಲಾಗುತ್ತದೆ. ಟೈರಿನ ಒಳಅಂಚು ಸವೆಯುವುದಕ್ಕೆ ಇದೂ ಒಂದು ಕಾರಣ.

ಸದ್ದು ನಿಜಕ್ಕೂ ಬುಷ್‌ನದೇ?

ದುಡ್ಡು ಹಾಕುವ ಮೊದಲು ಇದನ್ನು ಖಚಿತ ಮಾಡಿಕೊಳ್ಳಿ. ನಿಧಾನಕ್ಕೆ ಹೋಗುವಾಗ ಸಣ್ಣ ಸಣ್ಣ ಗುಂಡಿಗಳಲ್ಲಿ ಬರುವ ಟೊಕ್ ಟೊಕ್ ಸದ್ದಿಗೆ ಎಲ್ಲಕ್ಕಿಂತ ಹೆಚ್ಚಾಗಿ ಕಾರಣವಾಗುವುದು ತಿರುವಿನಲ್ಲಿ ಕಾರು ವಾಲದಂತೆ ಎರಡೂ ಬದಿಯನ್ನು ಜೋಡಿಸುವ ಸ್ಟೆಬಿಲೈಸರ್ ಬಾರಿನ ತುದಿಯ ಲಿಂಕ್ ರಾಡ್. ಲೋವರ್ ಆರ್ಮ್ ಬದಲಿಸಿದ ಮೇಲೂ ಸದ್ದು ಹೋಗಲಿಲ್ಲ ಎನ್ನುವ ದೂರುಗಳಲ್ಲಿ ಬಹುಪಾಲು ಇಲ್ಲಿಗೇ ಬಂದು ನಿಲ್ಲುತ್ತವೆ. ಪರೀಕ್ಷೆಗೆ ಖರ್ಚಿಲ್ಲ. ಎರಡೂ ಬದಿಯ ಲಿಂಕ್ ರಾಡ್ ಬಿಚ್ಚಿ, ಬಾರ್ ಯಾವುದಕ್ಕೂ ತಾಗದಂತೆ ಕಟ್ಟಿ, ಅದೇ ದಾರಿಯಲ್ಲಿ 20 ಕಿ.ಮೀ. ವೇಗ ಮೀರದಂತೆ ಒಂದು ಸುತ್ತು ಹೋಗಿ ಬನ್ನಿ. ಸದ್ದು ನಿಂತಿದ್ದರೆ ತಪ್ಪು ಲಿಂಕ್‌ನದು ಅಥವಾ ಬಾರ್ ಹಿಡಿದಿರುವ ರಬ್ಬರಿನದು. ಒಂದೇ ಬದಿ ಬಿಚ್ಚಿದರೆ ಸಾಲದೇ ಎಂದರೆ, ಒಂದು ಬಿಚ್ಚಿದರೂ ಬಾರಿನ ಕೆಲಸ ನಿಲ್ಲುತ್ತದೆ, ಆದರೆ ಉಳಿದ ಲಿಂಕ್ ಬಾರಿನ ಭಾರಕ್ಕೇ ಸದ್ದು ಮಾಡುತ್ತಿರಬಹುದು. ಬಾರ್ ಇಲ್ಲದ ಕಾರು ತಿರುವಿನಲ್ಲಿ ಹೆಚ್ಚು ವಾಲುತ್ತದೆ, ಹಾಗಾಗಿ ಪರೀಕ್ಷೆ ಮುಗಿದೊಡನೆ ಮತ್ತೆ ಹಾಕಿ.

ಸ್ಟೀರಿಂಗ್ ತಿರುಗಿಸುವಾಗ ಬಾನೆಟ್ ಕೆಳಗಿನಿಂದ ‘ಟಂಗ್’ ಎಂದು ಸ್ಪ್ರಿಂಗ್ ಜಿಗಿದ ಹಾಗೆ ಕೇಳಿಸಿದರೆ ಅದು ಸ್ಟ್ರಟ್ ಮೌಂಟಿನ ಬೇರಿಂಗ್. ಬುಷ್ ಹರಿದಿದ್ದರೆ ಸದ್ದು ಬೇರೆ ಥರ ಇರುತ್ತದೆ. ಬ್ರೇಕ್ ಒತ್ತಿ ನಿಲ್ಲುವ ಕೊನೆಯ ಕ್ಷಣದಲ್ಲಿ ಒಂದು, ರಿವರ್ಸ್ ಹಾಕಿ ಹೊರಡುವಾಗ ಇನ್ನೊಂದು ‘ಧಪ್’ ಎನ್ನುವ ಮಂದ ಹೊಡೆತ ಪಾದದ ಕೆಳಗೆ ಬರುತ್ತದೆ. ಕಿವಿಗಿಂತ ಮೊದಲು ಪಾದಕ್ಕೆ ಗೊತ್ತಾಗುತ್ತದೆ.

ಇನ್ನು ಎಡಕ್ಕೆ ಎಳೆಯುವ ವಿಷಯ. ಬ್ರೇಕ್ ಒತ್ತಿದಾಗ ಮಾತ್ರ ಎಳೆಯುತ್ತದೆ ಎಂದರೆ ಎಡಗಡೆಯ ಹಿಂದಿನ ಬುಷ್ ಹರಿದು ಆ ಚಕ್ರ ಹಿಂದಕ್ಕೆ ಸರಿಯುತ್ತಿರಬಹುದು. ಬಲಗಡೆಯಲ್ಲಿ ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಬ್ರೇಕ್ ಕ್ಯಾಲಿಪರ್‌ನ ಪಿನ್ ಹಿಡಿದುಕೊಂಡು ಆ ಚಕ್ರ ಸರಿಯಾಗಿ ಬ್ರೇಕ್ ಹಿಡಿಯದೆ ಇರಲೂಬಹುದು. ಕಾರು ಯಾವಾಗಲೂ ಬ್ರೇಕ್ ಹೆಚ್ಚು ಹಿಡಿದ ಬದಿಗೆ ಎಳೆಯುತ್ತದೆ. ಎರಡೂ ಕ್ಯಾಲಿಪರ್ ಬಿಚ್ಚಿ ಪಿನ್‌ಗಳು ಕೈಯಲ್ಲೇ ಜಾರುತ್ತವೆಯೇ ನೋಡಿ, ಎರಡೂ ಕಡೆಯ ಪ್ಯಾಡ್‌ಗಳ ದಪ್ಪ ಹೋಲಿಸಿ.

ಈಗ ಬುಷ್ ನೋಡುವ ಕ್ರಮ. ಕಾರಿನ ಮುಂಭಾಗ ಎತ್ತಿ ಎರಡೂ ಚಕ್ರ ನೇತಾಡುವಂತೆ ಬಿಡಿ. ನೇತಾಡುವಾಗ ರಬ್ಬರ್ ಪೂರ್ತಿ ತಿರುಚಿಕೊಂಡಿರುತ್ತದೆ, ನೆಲದ ಮೇಲಿದ್ದಾಗ ಮುಚ್ಚಿಕೊಂಡಿದ್ದ ಹರುಕು ಆಗ ಬಾಯಿ ಬಿಡುತ್ತದೆ. ಟಾರ್ಚ್ ಹಾಕಿ ಹತ್ತಿರದಿಂದ ನೋಡಿ. ಮೇಲ್ಮೈಯಲ್ಲಿ ಕೂದಲೆಳೆಯ ಸೀಳುಗಳಿದ್ದರೆ ಅದು ವಯಸ್ಸು ಅಷ್ಟೇ, ಬದಲಿಸಬೇಕಿಲ್ಲ. ರಬ್ಬರ್ ಕೊಳವೆಯಿಂದ ಬಿಟ್ಟುಕೊಂಡ ಜಾಗದಲ್ಲಿ ಕೆಂಪು ತುಕ್ಕಿನ ಪುಡಿ ಉದುರುತ್ತಿದ್ದರೆ, ಉಕ್ಕಿಗೆ ಉಕ್ಕು ತಾಗಿ ಅರ್ಧಚಂದ್ರಾಕಾರದಲ್ಲಿ ಕನ್ನಡಿಯಂತೆ ಹೊಳೆಯುವ ಗುರುತು ಬಿದ್ದಿದ್ದರೆ, ಅದರ ಕತೆ ಮುಗಿದಿದೆ. ಆರ್ಮ್ ಮತ್ತು ಕ್ರಾಸ್‌ಮೆಂಬರ್ ನಡುವೆ ಉದ್ದನೆಯ ಟಾಮಿ (ಮೀಟುವ ಕಬ್ಬಿಣದ ಸರಳು) ಕೊಟ್ಟು ಹಿಂದೆ-ಮುಂದೆ ಮೀಟಿ. ಹಿಂದಿನ ಬುಷ್ ಎರಡು-ಮೂರು ಮಿ.ಮೀ. ಬಳುಕಿ ತಾನೇ ವಾಪಸು ಬಂದರೆ ಸಹಜ. ಅದನ್ನು ಹಾಗೆ ಬಳುಕಲೆಂದೇ ಮಾಡಿರುತ್ತಾರೆ. ತಡೆಯೇ ಇಲ್ಲದೆ ಸಲೀಸಾಗಿ ಸರಿದು ಟಕ್ಕೆಂದು ನಿಂತರೆ ಹರಿದಿದೆ. ಬುಷ್ ಎಣ್ಣೆ ಕುಡಿದು ಉಬ್ಬಿ ಮೆತ್ತಗಾಗಿದ್ದರೆ ಮೊದಲು ಎಂಜಿನ್ನಿನ ಎಣ್ಣೆ ಸೋರಿಕೆ ನಿಲ್ಲಿಸಿ, ಇಲ್ಲವಾದರೆ ಹೊಸದೂ ಹಾಗೇ ಆಗುತ್ತದೆ.

ಬಾಲ್ ಜಾಯಿಂಟನ್ನೂ ಇದೇ ಸ್ಥಿತಿಯಲ್ಲಿ ನೋಡಬೇಕು. ಈ ಬಗೆಯ ಸಸ್ಪೆನ್ಷನ್ನಿನಲ್ಲಿ ಕಾರಿನ ತೂಕ ಸ್ಟ್ರಟ್ ಮೇಲೆ ಇರುತ್ತದೆ, ಬಾಲ್ ಜಾಯಿಂಟ್ ಮೇಲೆ ಇರುವುದಿಲ್ಲ. ಹಾಗಾಗಿ ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿ, ಇನ್ನೊಬ್ಬರು ಜಾಯಿಂಟ್ ಮೇಲೆ ಬೆರಳಿಟ್ಟು ನೋಡಲಿ. ಬೆರಳಿಗೆ ಟಿಕ್ ಎಂದು ಆಟ ಸಿಕ್ಕಿತೋ, ಕಾರನ್ನು ಘಾಟಿಗೆ ಒಯ್ಯಬೇಡಿ. ಬುಷ್ ಹರಿದರೆ ಕಾರು ಕಿರಿಕಿರಿ ಮಾಡುತ್ತದೆ. ಬಾಲ್ ಜಾಯಿಂಟ್ ಕಳಚಿದರೆ ಚಕ್ರ ಮಡಚಿಕೊಂಡು ಕಾರು ಅಲ್ಲೇ ಕೂರುತ್ತದೆ. ಅದರ ರಬ್ಬರ್ ಟೊಪ್ಪಿ ಹರಿದಿದ್ದರೂ ಅದನ್ನು ಸವೆದಿದೆ ಎಂದೇ ಎಣಿಸಿ, ಏಕೆಂದರೆ ಒಳಗೆ ಹೋದ ಮಣ್ಣುನೀರು ಹೊರಗೆ ಬರುವುದಿಲ್ಲ.

ಪಾಲಿ ಬುಷ್ ಬಗ್ಗೆ

ರಬ್ಬರಿಗಿಂತ ಗಟ್ಟಿಯಾದ, ಪ್ಲಾಸ್ಟಿಕ್ ಜಾತಿಯ ಪಾಲಿಯುರಿಥೇನ್ ಕೆಟ್ಟ ವಸ್ತುವಲ್ಲ. ಎಣ್ಣೆಗೆ ಉಬ್ಬುವುದಿಲ್ಲ, ಸುಲಭಕ್ಕೆ ಹರಿಯುವುದಿಲ್ಲ, ಸ್ಟೀರಿಂಗಿನ ಪ್ರತಿಕ್ರಿಯೆ ಚುರುಕಾಗುತ್ತದೆ. ರೇಸ್ ಟ್ರ್ಯಾಕಿನಲ್ಲಿ ಓಡಿಸುವವರಿಗೆ ಅದು ಬೇಕೇ ಬೇಕು. ಆದರೆ ಅದು ರಬ್ಬರ್ ಬುಷ್ ಮಾಡುವ ಕೆಲಸವನ್ನು ಬೇರೆ ರೀತಿಯಲ್ಲಿ ಮಾಡುತ್ತದೆ, ಆ ವ್ಯತ್ಯಾಸ ತಿಳಿಯದೆ ಹಾಕಿಸಿದವರು ಆರು ತಿಂಗಳಲ್ಲಿ ಬೇಸರಪಡುತ್ತಾರೆ. ಪಾಲಿ ಬುಷ್ ಕೊಳವೆಗೆ ಬೆಸೆದಿರುವುದಿಲ್ಲ. ಒಳಗಿನ ಉಕ್ಕಿನ ಕೊಳವೆ ಅದರಲ್ಲಿ ಜಾರಿ ತಿರುಗುತ್ತದೆ. ಜಾರಬೇಕಾದರೆ ಸಿಲಿಕೋನ್ ಆಧಾರಿತ, ದಪ್ಪನೆಯ ಗ್ರೀಸ್ ಬೇಕು. ಮಳೆಗಾಲದಲ್ಲಿ ಹಳ್ಳದ ನೀರು ಹಾಯ್ದು, ತೋಟದ ಕೆಂಪು ಧೂಳು ಕೂತು ಆ ಗ್ರೀಸ್ ತೊಳೆದುಹೋದಾಗ ‘ಕೀಂಯ್ ಕೀಂಯ್’ ಶುರುವಾಗುತ್ತದೆ. ನಿಮ್ಮ ದಾರಿಯಲ್ಲಿ ಒಂದು ಮಳೆಗಾಲ ಸಾಕು. ಆಮೇಲೆ ಬಿಚ್ಚಿ, ತೊಳೆದು, ಮತ್ತೆ ಗ್ರೀಸ್ ಹಚ್ಚಬೇಕು. ‘ಜೀವನಪೂರ್ತಿ’ ಎಂದವರು ಈ ಕೂಲಿಯನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಸಾಮಾನ್ಯ ಪೆಟ್ರೋಲಿಯಂ ಗ್ರೀಸ್ ಹಚ್ಚಿದರೆ ಇನ್ನೂ ಬೇಗ ತೊಳೆದುಹೋಗುತ್ತದೆ.

ಇನ್ನೊಂದು ವಿಷಯ ಹಿಂದಿನ ಬುಷ್‌ಗೆ ಸಂಬಂಧಿಸಿದ್ದು. ಕೆಲವು ಕಾರುಗಳಲ್ಲಿ ಅದರ ಬೋಲ್ಟ್ ಮಲಗಿರುತ್ತದೆ, ಕೆಲವದರಲ್ಲಿ ನಿಂತಿರುತ್ತದೆ. ನಿಮ್ಮದನ್ನು ಅಡಿಯಿಂದ ನೋಡಿಕೊಳ್ಳಿ. ಬೋಲ್ಟ್ ನಿಂತಿದ್ದರೆ ಆರ್ಮ್ ಮೇಲೆ ಕೆಳಗೆ ಆಡುವಾಗ ಬುಷ್ ತಿರುಗುವುದಿಲ್ಲ, ಒಂದು ಬದಿಗೆ ವಾಲುತ್ತದೆ. ರಬ್ಬರ್ ವಾಲಿಕೊಡುತ್ತದೆ, ಗಟ್ಟಿ ಪಾಲಿ ವಾಲಲು ಒಪ್ಪುವುದಿಲ್ಲ. ಆಗ ಆರ್ಮ್ ಬಿಗಿದುಕೊಂಡಂತಾಗಿ ಸಣ್ಣ ಉಬ್ಬುಗಳಲ್ಲೂ ಕಾರು ಕುಲುಕುತ್ತದೆ, ಬಲವೆಲ್ಲ ಬ್ರಾಕೆಟ್ಟಿನ ವೆಲ್ಡಿಂಗ್ ಮೇಲೆ ಹೋಗುತ್ತದೆ. ಕಾರು ತಯಾರಿಸಿದವರು ಹಿಂದಿನ ಬುಷ್‌ನಲ್ಲಿ ಬೇಕೆಂದೇ ಖಾಲಿ ಜಾಗ ಬಿಟ್ಟಿರುತ್ತಾರೆ. ಗುಂಡಿಯ ಅಂಚಿಗೆ ಟೈರ್ ಬಡಿದಾಗ ಚಕ್ರ ಕೆಲವು ಮಿ.ಮೀ. ಹಿಂದಕ್ಕೆ ಹೋಗಿ ಹೊಡೆತದ ಮೊನೆ ಮುರಿಯಲಿ ಎಂದು ಆ ಜಾಗ. ಅದನ್ನು ತುಂಬಿಸಿದರೆ ಆ ಹೊಡೆತ ರಿಮ್ಮಿಗೆ, ಆರ್ಮಿಗೆ, ಕೊನೆಗೆ ಕಾರಿನ ಮೈಗೆ ಹೋಗಿ ಸೇರುತ್ತದೆ.

ಗಡಸುತನದ ಅಂಕಿಯನ್ನೂ ಕೇಳಿ ನೋಡಬೇಕು. ಶೋರ್ ಎ ಮಾಪಕದಲ್ಲಿ ಕಾರಿನ ರಬ್ಬರ್ ಬುಷ್ ಸಾಮಾನ್ಯವಾಗಿ 50ರಿಂದ 70ರ ನಡುವೆ ಇರುತ್ತದೆ. ರಸ್ತೆ ಬಳಕೆಗೆಂದು ಮಾಡಿದ ಒಳ್ಳೆಯ ಪಾಲಿ 70ರಿಂದ 80, ರೇಸಿಂಗಿನದು 95ರ ಹತ್ತಿರ. ಎಷ್ಟು ಎಂದು ಕೇಳಿದರೆ ಅಂಗಡಿಯವರಿಗೆ ಗೊತ್ತಿಲ್ಲದಿದ್ದರೆ, ಪೊಟ್ಟಣದ ಮೇಲೂ ಇಲ್ಲದಿದ್ದರೆ, ಅದು ಬೇಡ. ನಿಮಗೆ ಪಾಲಿಯ ಆಸೆ ಬಿಡಲಾಗದಿದ್ದರೆ ಮುಂದಿನ ಚಿಕ್ಕ ಬುಷ್‌ಗೆ ಮಾತ್ರ 80ರೊಳಗಿನದು, ಎರಡೂ ಬದಿಗೆ ಒಂದೇ ಥರದ್ದು, ಹಿಂದಿನದಕ್ಕೆ ಕಂಪನಿಯ ರಬ್ಬರೇ. ಒಂದು ಬದಿ ಪಾಲಿ, ಇನ್ನೊಂದು ಬದಿ ರಬ್ಬರ್ ಎಂದೂ ಮಾಡಬಾರದು; ಬ್ರೇಕ್ ಒತ್ತಿದಾಗ ಎರಡು ಚಕ್ರ ಎರಡು ಥರ ಸರಿದು ಕಾರು ಎಳೆಯುತ್ತದೆ.

ನಿಮ್ಮ ಬಳಕೆಗೆ ನನ್ನ ಸಲಹೆ ಸ್ಪಷ್ಟ. ಎರಡೂ ಬದಿಗೆ ಬುಷ್, ಬಾಲ್ ಜಾಯಿಂಟ್ ಸಮೇತ ಕಂಪನಿಯ ದರ್ಜೆಯ ಪೂರ್ತಿ ಲೋವರ್ ಆರ್ಮ್. 1,08,000 ಕಿ.ಮೀ. ಓಡಿದ ಕಾರಿನಲ್ಲಿ ಬುಷ್ ಮಾತ್ರ ಹೊಸದಾಗಿ, ಬಾಲ್ ಜಾಯಿಂಟ್ ಹಳೆಯದೇ ಉಳಿದರೆ ಇನ್ನೊಂದು ವರ್ಷಕ್ಕೆ ಅದೇ ಬೋಲ್ಟ್‌ಗಳನ್ನು ಮತ್ತೆ ಬಿಚ್ಚಬೇಕಾಗುತ್ತದೆ, ಅದೇ ಕೂಲಿ, ಅದೇ ಅಲೈನ್‌ಮೆಂಟ್ ಖರ್ಚು. ಬುಷ್ ಒತ್ತಿ ಕೂರಿಸುವ ಕೆಲಸವೂ ಎಲ್ಲ ಕಡೆ ಸರಿಯಾಗಿ ಆಗುವುದಿಲ್ಲ. ಹೈಡ್ರಾಲಿಕ್ ಪ್ರೆಸ್ ಇಲ್ಲದ ಕಡೆ ಗ್ಯಾಸ್ ಹಚ್ಚಿ ರಬ್ಬರ್ ಸುಟ್ಟು, ಉಳಿದ ಕೊಳವೆಯನ್ನು ಉಳಿಯಿಂದ ಹೊಡೆದು ತೆಗೆಯುತ್ತಾರೆ. ಆರ್ಮ್ ತೆಳು ತಗಡನ್ನು ಅಚ್ಚೊತ್ತಿ ವೆಲ್ಡ್ ಮಾಡಿದ್ದು. ಆ ಹೊಡೆತಕ್ಕೆ ಬುಷ್ ಕೂರುವ ಕಣ್ಣು ಒಂದು ಕೂದಲಿನಷ್ಟು ಅಂಡಾಕಾರವಾದರೂ ಹೊಸ ಬುಷ್ ಹಿಡಿದು ನಿಲ್ಲದೆ ನಿಧಾನಕ್ಕೆ ಹೊರಗೆ ಸರಿಯುತ್ತದೆ. ಖಾಲಿ ಜಾಗ ಇರುವ ಬುಷ್‌ಗೆ ದಿಕ್ಕೂ ಉಂಟು. ಹೊರಕೊಳವೆಯ ಮೇಲಿನ ಗುರುತು ಆರ್ಮ್‌ನ ಗುರುತಿಗೆ ಸೇರಬೇಕು. ಅಡ್ಡ ತಿರುಗಿಸಿ ಕೂರಿಸಿದರೆ ಮೆದುವಾಗಬೇಕಾದ ಕಡೆ ಗಟ್ಟಿ, ಗಟ್ಟಿ ಇರಬೇಕಾದ ಕಡೆ ಮೆದು.

ಕೊಳ್ಳುವಾಗ

ಬೆಂಗಳೂರಿಗೆ ಬರುತ್ತೀರಾದ್ದರಿಂದ ಜೆ.ಸಿ. ರಸ್ತೆಯ ಅಂಗಡಿಗಳಲ್ಲೂ ವಿಚಾರಿಸಿ, ಕಂಪನಿಯ ಅಧಿಕೃತ ಬಿಡಿಭಾಗದ ಅಂಗಡಿಯಲ್ಲೂ ಬೆಲೆ ಕೇಳಿ. ಚಾಸಿಸ್ ನಂಬರ್ ಕೊಟ್ಟು ಕೇಳಿ, ‘ಸ್ವಿಫ್ಟ್‌ದು ಕೊಡಿ’ ಎಂದಷ್ಟೇ ಅನ್ನಬೇಡಿ. ಹಳೆ ಸ್ವಿಫ್ಟ್, ಹೊಸ ಸ್ವಿಫ್ಟ್, ಡಿಸೈರ್ ಆರ್ಮ್‌ಗಳು ನೋಡಲು ಅಣ್ಣತಮ್ಮಂದಿರ ಹಾಗಿರುತ್ತವೆ.

‘ಹೆವಿ ಡ್ಯೂಟಿ’ ಎಂಬ ಚೀಟಿಗೆ ಯಾವ ಮಾನದಂಡವೂ ಇಲ್ಲ. ತಗಡು ದಪ್ಪವೆಂದು ತೋರಿಸಿದರೆ ಅದೂ ಗುಣವೇನಲ್ಲ. ದೊಡ್ಡ ಗುಂಡಿಗೆ ಬಿದ್ದಾಗ ಆರ್ಮ್ ಬಾಗಿ ಹೊಡೆತವನ್ನು ತಾನು ನುಂಗಬೇಕು, ಆಗ ಕ್ರಾಸ್‌ಮೆಂಬರ್ ಉಳಿಯುತ್ತದೆ. ಆರ್ಮ್ ಬದಲಿಸುವುದು ಒಂದು ಮಧ್ಯಾಹ್ನದ ಕೆಲಸ, ಕ್ರಾಸ್‌ಮೆಂಬರ್ ಬಾಗಿದರೆ ವಾರಗಟ್ಟಲೆ.

ಪೊಟ್ಟಣ ಬಿಚ್ಚಿಸಿ ಅಂಗಡಿಯಲ್ಲೇ ನೋಡಿ. ಬಾಲ್ ಜಾಯಿಂಟಿನ ಸ್ಟಡ್ಡನ್ನು ಕೈಯಿಂದ ಆಡಿಸಿದರೆ ಬಿಗಿಯಾಗಿ, ಆದರೆ ಎಲ್ಲ ದಿಕ್ಕಿಗೂ ಒಂದೇ ಸಮನೆ ತಿರುಗಬೇಕು. ಲೊಡಕು ಇದ್ದರೆ ಬೇಡ, ಒಂದೊಂದು ಕಡೆ ಸಿಕ್ಕಿ ಸಿಕ್ಕಿ ತಿರುಗಿದರೂ ಬೇಡ. ವೆಲ್ಡಿಂಗ್ ಗೆರೆ ಕಡಿಯದೆ ಉದ್ದಕ್ಕೂ ಸಾಗಿರಬೇಕು. ಬುಷ್‌ನ ಒಳಕೊಳವೆ ಹೊರಕೊಳವೆಯ ನಡುಮಧ್ಯದಲ್ಲಿರಬೇಕು. ಬಣ್ಣ ಉಗುರಿಗೆ ಕಿತ್ತುಬರುತ್ತಿದ್ದರೆ ಒಳಗಿನ ಕೆಲಸವೂ ಅಷ್ಟರಲ್ಲೇ ಇರುತ್ತದೆ. ಎರಡು ಆರ್ಮ್ ಜೊತೆಗೆ ಅವುಗಳ ಬೋಲ್ಟ್, ನಟ್, ಬಾಲ್ ಜಾಯಿಂಟ್ ಹಿಡಿಯುವ ಎರಡು ಪಿಂಚ್ ಬೋಲ್ಟ್ ಹೊಸದನ್ನೇ ತೆಗೆದುಕೊಳ್ಳಿ. ಲಿಂಕ್ ರಾಡ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಿದ್ದರೆ ಅದೂ ಒಂದು ಜೊತೆ. ಸ್ಟ್ರಟ್‌ನಿಂದ ಎಣ್ಣೆ ಸೋರದಿದ್ದರೆ ಅದನ್ನು ಮುಟ್ಟಬೇಡಿ.

ಕೆಲಸದ ಕ್ರಮ

ನೀವೇ ಮಾಡಬಹುದೇ ಎಂದು ಕೇಳಿದ್ದೀರಿ. ಎರಡು ಗಟ್ಟಿ ಆಕ್ಸೆಲ್ ಸ್ಟ್ಯಾಂಡ್, ಟ್ರಾಲಿ ಜ್ಯಾಕ್, ಎಷ್ಟು ಬಲದಿಂದ ಬಿಗಿದಿದ್ದೀರೆಂದು ತೋರಿಸುವ ಟಾರ್ಕ್ ರೆಂಚ್, ನಿಮ್ಮ ಮಾದರಿಯ ವರ್ಕ್‌ಶಾಪ್ ಮ್ಯಾನುಯಲ್‌ನಲ್ಲಿರುವ ಟಾರ್ಕ್ ಅಂಕಿಗಳು, ಸಿಮೆಂಟ್ ನೆಲ, ಇಷ್ಟಿದ್ದರೆ ಮಾಡಬಹುದು. ಇವುಗಳಲ್ಲಿ ಒಂದಿಲ್ಲದಿದ್ದರೂ ಗ್ಯಾರೇಜಿಗೇ ಕೊಡಿ, ಆದರೆ ಕೆಳಗಿನ ಕ್ರಮ ತಿಳಿದುಕೊಂಡು ಪಕ್ಕದಲ್ಲಿ ನಿಂತಿರಿ. ಕಾರಿನ ಜೊತೆ ಬಂದ ಸ್ಕ್ರೂ ಜ್ಯಾಕ್ ಮೇಲೆ ಅಥವಾ ಇಟ್ಟಿಗೆ, ಸೈಜುಗಲ್ಲಿನ ಮೇಲೆ ನಿಲ್ಲಿಸಿದ ಕಾರಿನ ಕೆಳಗೆ ಯಾರೂ ನುಸುಳಬಾರದು.

ಹಿಂದಿನ ದಿನ ಸಂಜೆ ಎಲ್ಲ ಬೋಲ್ಟ್‌ಗಳ ಸುತ್ತ ತಂತಿ ಬ್ರಷ್ ಆಡಿಸಿ, ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ. ಮಂಗಳೂರು, ಉಡುಪಿ, ಕಾರವಾರದ ಕಡೆ ಓಡಿದ ಕಾರುಗಳಲ್ಲಿ ಬೋಲ್ಟ್ ಒಳಕೊಳವೆಗೇ ತುಕ್ಕು ಹಿಡಿದು ಅಂಟಿಕೊಂಡಿರುತ್ತದೆ, ಅಂಥ ಕಡೆ ಎರಡು ದಿನ ಮೊದಲೇ ಸಿಂಪಡಿಸಬೇಕು. ಬೋಲ್ಟ್‌ನ ತಲೆ ಬರುವ ದಾರಿಗೆ ಗೇರ್‌ಬಾಕ್ಸ್ ಅಥವಾ ಎಂಜಿನ್ ಮೌಂಟ್ ಅಡ್ಡ ಇದೆಯೇ ಎಂದೂ ಆಗಲೇ ನೋಡಿಕೊಳ್ಳಿ.

ಬೆಳಿಗ್ಗೆ ಮೊದಲ ಕೆಲಸ ಸ್ಪ್ರಿಂಗಿನ ಬಫರ್ ತೆಗೆಯುವುದು. ತೆಗೆದ ಮೇಲೆ ಕಾರನ್ನು ಹತ್ತಿಪ್ಪತ್ತು ಮೀಟರ್ ಹಿಂದೆ-ಮುಂದೆ ಓಡಿಸಿ, ಬಾನೆಟ್ ಒತ್ತಿ ಬಿಟ್ಟು, ಸ್ಪ್ರಿಂಗ್ ತನ್ನ ಎತ್ತರಕ್ಕೆ ಕೂರಲಿ. ಈಗ ಚಕ್ರದ ನಡುಬಿಂದುವಿನಿಂದ ನೇರ ಮೇಲೆ ಫೆಂಡರಿನ ಅಂಚಿಗೆ ಎಷ್ಟಿದೆ ಎಂದು ಟೇಪಿನಲ್ಲಿ ಅಳೆದು, ಎಡಕ್ಕೊಂದು ಬಲಕ್ಕೊಂದು, ಕಾಗದದ ಟೇಪಿನ ಮೇಲೆ ಬರೆದು ಫೆಂಡರಿಗೇ ಅಂಟಿಸಿ. ಇಡೀ ಕೆಲಸದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ಅಂಕಿ ಇದು. ಬಫರ್ ಇದ್ದಾಗ ಅಳೆದರೆ ಪ್ರಯೋಜನವಿಲ್ಲ.

ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು ಮುಂಭಾಗದ ಎರಡೂ ಬದಿಯನ್ನು ಒಟ್ಟಿಗೆ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಒಂದೇ ಬದಿ ಎತ್ತಿದರೆ ಸ್ಟೆಬಿಲೈಸರ್ ಬಾರ್ ತಿರುಚಿಕೊಂಡು ಆರ್ಮನ್ನು ಸರಾಗ ಇಳಿಯಲು ಬಿಡುವುದಿಲ್ಲ. ಪಿಂಚ್ ಬೋಲ್ಟ್ ಪೂರ್ತಿ ಹೊರಗೆ ತೆಗೆಯಬೇಕು. ಬಾಲ್ ಜಾಯಿಂಟ್ ಸ್ಟಡ್ಡಿನ ಕೊರಕಲಿನ ಮೂಲಕ ಅದು ಹಾಯ್ದಿರುವುದರಿಂದ ಸಡಿಲಿಸಿದರಷ್ಟೇ ಸ್ಟಡ್ ಬರುವುದಿಲ್ಲ. ಚಕ್ರದ ಹಬ್ ಹಿಡಿದಿರುವ ನಕಲ್‌ನ ಸೀಳಿಗೆ ಚಪ್ಪಟೆ ಉಳಿಯನ್ನು ಮೆಲ್ಲಗೆ ಕೊಟ್ಟು ಒಂದು ಎಳೆಯಷ್ಟು ಅಗಲಿಸಿ, ಆರ್ಮ್ ಮೇಲೆ ಉದ್ದ ಟಾಮಿ ಇಟ್ಟು ಕೆಳಕ್ಕೆ ಒತ್ತಿದರೆ ಸ್ಟಡ್ ಇಳಿಯುತ್ತದೆ. ಇಳಿದ ಕೂಡಲೇ ನಕಲ್ಲನ್ನು ಹಗ್ಗದಿಂದ ಕಟ್ಟಿ. ಅದು ಹೊರಕ್ಕೆ ವಾಲಿದರೆ ಡ್ರೈವ್ ಶಾಫ್ಟ್‌ನ ಒಳಜಾಯಿಂಟ್ ಕಳಚಿಕೊಳ್ಳಬಹುದು, ಆಗ ಅರ್ಧ ದಿನದ ಕೆಲಸ ಎರಡು ದಿನವಾಗುತ್ತದೆ. ಆಮೇಲೆ ಒಳಬದಿಯ ಎರಡು ಬೋಲ್ಟ್. ಯಾವುದು ಯಾವ ದಿಕ್ಕಿನಿಂದ ಹೊಕ್ಕಿತ್ತು, ವಾಷರ್ ಎಲ್ಲಿತ್ತು ಎಂದು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.

ಹಳೆ ಆರ್ಮನ್ನು ಹೊಸದರ ಮೇಲಿಟ್ಟು ಮೂರೂ ಬಿಂದುಗಳು ಹೊಂದುತ್ತವೆಯೇ ನೋಡಿ. ಹೊಂದದಿದ್ದರೆ ಒಂದೋ ಹಳೆಯದು ಬಾಗಿದೆ, ಇಲ್ಲವೇ ಹೊಸದು ಬೇರೆ ಮಾದರಿಯದು. ಇನ್ನೊಂದು ಬದಿಯದನ್ನು ಮಗುಚಿ ಹೋಲಿಸಿದರೆ ಯಾವುದೆಂದು ತಿಳಿಯುತ್ತದೆ. ಎಡ ಆರ್ಮ್ ಬಾಗಿದ್ದರೆ ಟೈರ್ ಸವೆತಕ್ಕೆ ಅದೂ ಪಾಲುದಾರ.

ಕ್ರಾಸ್‌ಮೆಂಬರಿನ ಬ್ರಾಕೆಟ್ ಒಳಮುಖ ಉಜ್ಜಿ ತುಕ್ಕು, ಮಣ್ಣು ತೆಗೆದು ಹೊಸ ಆರ್ಮ್ ಸೇರಿಸಿ. ಒಳಬದಿಯ ಬೋಲ್ಟ್‌ಗಳನ್ನು ಕೈಬಿಗಿಯಷ್ಟೇ ಮಾಡಿ ಬಿಡಿ. ಸ್ಟಡ್ಡನ್ನು ನಕಲ್ ಒಳಗೆ ಕೊನೆಯವರೆಗೆ ತಳ್ಳಿ. ಪಿಂಚ್ ಬೋಲ್ಟ್ ಬೆರಳಿನಿಂದಲೇ ಸಲೀಸಾಗಿ ಹೋಗಬೇಕು. ಸುತ್ತಿಗೆ ಬೇಕಾಯಿತೆಂದರೆ ಸ್ಟಡ್ ಪೂರ್ತಿ ಕೂತಿಲ್ಲ. ಇದನ್ನು ಈಗಲೇ ಟಾರ್ಕ್‌ಗೆ ಬಿಗಿಯಬಹುದು.

ಗ್ಯಾರೇಜುಗಳಲ್ಲಿ ದಿನನಿತ್ಯ ತಪ್ಪುವುದು ಇದರ ಮುಂದಿನ ಹೆಜ್ಜೆ. ಕಾರು ಎತ್ತಿದಲ್ಲೇ, ಚಕ್ರ ನೇತಾಡುತ್ತಿರುವಾಗಲೇ ನ್ಯೂಮ್ಯಾಟಿಕ್ ಗನ್ ಹಿಡಿದು ‘ಡರ್ರ್’ ಎಂದು ಬಿಗಿದುಬಿಡುತ್ತಾರೆ. ಚಕ್ರ ನೇತಾಡುವಾಗ ನಿಂತ ಎತ್ತರಕ್ಕಿಂತ 90 ಮಿ.ಮೀ. ಕೆಳಗಿದ್ದರೆ, 350 ಮಿ.ಮೀ. ಆರ್ಮ್‌ಗೆ ಅದು 15 ಡಿಗ್ರಿ. ಕಾರನ್ನು ಇಳಿಸಿದ ಗಳಿಗೆಯಿಂದ ಹೊಸ ರಬ್ಬರ್ 15 ಡಿಗ್ರಿ ತಿರುಚಿಕೊಂಡೇ ಬದುಕಬೇಕು, ಗುಂಡಿಗಳ ಆಟ ಅದರ ಮೇಲೆ. ನಿಮ್ಮ 4 ಡಿಗ್ರಿಯೇ ಹೆಚ್ಚು ಎಂದ ಮೇಲೆ ಇದನ್ನು ಹೇಳಬೇಕಿಲ್ಲ. ‘ಡೂಪ್ಲಿಕೇಟ್ ಮಾಲು, ಆರು ತಿಂಗಳೂ ಬರಲಿಲ್ಲ’ ಎಂದು ಬೈಸಿಕೊಳ್ಳುವ ಬುಷ್‌ಗಳಲ್ಲಿ ಎಷ್ಟೋ ಅಸಲಿ ಮಾಲೇ ಆಗಿರುತ್ತವೆ, ಬಿಗಿದ ರೀತಿ ಅವನ್ನು ಕೊಂದಿರುತ್ತದೆ.

ಸರಿಯಾದ ರೀತಿ ಎಂದರೆ, ಬಾಲ್ ಜಾಯಿಂಟಿನ ಹತ್ತಿರ ಆರ್ಮ್‌ನ ಕೆಳಗೆ ಮರದ ತುಂಡು ಕೊಟ್ಟು ಜ್ಯಾಕಿನಿಂದ ಎತ್ತುತ್ತ, ಹಬ್‌ನ ನಡುಬಿಂದುವಿನಿಂದ ಫೆಂಡರಿಗೆ ನೀವು ಬರೆದಿಟ್ಟ ಅಂಕಿ ಬರುವವರೆಗೆ ಏರಿಸಿ, ಆಗ ಒಳಬದಿಯ ಬೋಲ್ಟ್‌ಗಳನ್ನು ಟಾರ್ಕ್ ರೆಂಚಿನಿಂದ ಬಿಗಿಯುವುದು. ಅಂಕಿ ಬರುವ ಮೊದಲೇ ಕಾರು ಸ್ಟ್ಯಾಂಡಿನಿಂದ ಮೇಲೇಳುವಂತಿದ್ದರೆ ಅಲ್ಲಿಗೇ ನಿಲ್ಲಿಸಿ. ಚಕ್ರ ಹಾಕಿ ಕಾರನ್ನು ಇಳಿಸಿ, ನಿಧಾನವಾಗಿ ಪಿಟ್ ಇರುವ ಹತ್ತಿರದ ಗ್ಯಾರೇಜಿಗೋ ಅಲೈನ್‌ಮೆಂಟ್ ಲಿಫ್ಟಿಗೋ ಒಯ್ದು ಚಕ್ರದ ಮೇಲೆ ನಿಂತಿರುವಾಗಲೇ ಬಿಗಿಸಿ. ಹಾಗೆ ಒಯ್ಯುವ ಮುನ್ನ ನಟ್ ಬಿಚ್ಚಿಕೊಳ್ಳದಷ್ಟು ಬಿಗಿ ಮಾಡಿ, ಅಲ್ಲಿ ಮತ್ತೆ ಸಡಿಲಿಸಿ ಬಿಗಿಯಿರಿ. ಬೋಲ್ಟ್ ನಿಂತಿರುವ ಬುಷ್ ಆದರೆ ತಿರುಚುವ ಪ್ರಶ್ನೆ ಬರುವುದಿಲ್ಲ, ಆದರೂ ಎರಡನ್ನೂ ಒಂದೇ ಸ್ಥಿತಿಯಲ್ಲಿ ಬಿಗಿಯುವುದು ಒಳ್ಳೆಯದು.

20-30 ಕಿ.ಮೀ. ಓಡಿಸಿ ಅಲೈನ್‌ಮೆಂಟ್ ಮಾಡಿಸಿ. ಈ ಕಾರಿನ ಮುಂಭಾಗದಲ್ಲಿ ಸರಿಪಡಿಸಲು ಬರುವುದು ಮುಖ್ಯವಾಗಿ ಟೋ ಮಾತ್ರ, ಆದರೆ ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲಿದ ಕೋನ), ಕ್ಯಾಸ್ಟರ್ (ಸ್ಟೀರಿಂಗ್ ತಿರುಗಿಸಿದಾಗ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿದ ಕೋನ) ಅಂಕಿಗಳ ಮುದ್ರಿತ ಹಾಳೆಯನ್ನೂ ಕೇಳಿ ಪಡೆಯಿರಿ. ಹೊಸ ಆರ್ಮ್ ಹಾಕಿದ ಮೇಲೂ ಎಡ-ಬಲದ ಕ್ಯಾಸ್ಟರ್‌ನಲ್ಲಿ ಅರ್ಧ ಡಿಗ್ರಿಗಿಂತ ಎದ್ದು ಕಾಣುವ ವ್ಯತ್ಯಾಸ ಉಳಿದಿದ್ದರೆ ಕ್ರಾಸ್‌ಮೆಂಬರ್ ಸರಿದಿದೆಯೇ ಎಂದು ನೋಡಬೇಕು. ಕಾರು ಕ್ಯಾಸ್ಟರ್ ಕಡಿಮೆ ಇರುವ ಬದಿಗೆ ಎಳೆಯುತ್ತದೆ. 500 ಕಿ.ಮೀ. ಆದ ಮೇಲೆ ಎಲ್ಲ ಬೋಲ್ಟ್‌ಗಳ ಟಾರ್ಕ್ ಒಮ್ಮೆ ನೋಡಿ. ಒಳಅಂಚು ಸವೆದ ಟೈರ್ ಸರಿಹೋಗುವುದಿಲ್ಲ.

ಅಡಿ ತಾಗುವುದಕ್ಕೆ ಏನು ಮಾಡಬೇಕು ಎಂಬುದು ಉಳಿಯಿತು. ನಿಮ್ಮ ಕಾರಿಗೆ ಕಂಪನಿ ಹೇಳುವ ನೆಲದ ಅಂತರ 170 ಮಿ.ಮೀ. ಡೀಸೆಲ್ ಎಂಜಿನ್ ಪೆಟ್ರೋಲಿನದ್ದಕ್ಕಿಂತ ಭಾರ, ಸ್ಪ್ರಿಂಗ್‌ಗಳಿಗೆ ಇಷ್ಟು ವರ್ಷದ ವಯಸ್ಸು. ಅವು ಕುಗ್ಗಿ ಕೂತಿರುವ ಸಂಭವ ಹೆಚ್ಚು. ಬಫರ್ ತೆಗೆದ ಮೇಲೆ ನೀವು ಬರೆದ ಅಂಕಿಯನ್ನು ಅದೇ ಮಾದರಿಯ, ಕಡಿಮೆ ಓಡಿದ ಕಾರಿನ ಅಂಕಿಯೊಂದಿಗೆ ಹೋಲಿಸಿ. 15-20 ಮಿ.ಮೀ. ಕಡಿಮೆ ಇದ್ದರೆ ಡೀಸೆಲ್ ಮಾದರಿಗೆಂದೇ ಇರುವ ಹೊಸ ಮುಂದಿನ ಸ್ಪ್ರಿಂಗ್ ಜೊತೆ ಹಾಕಿಸಿ, ಕಳೆದುಹೋದ ಎತ್ತರ ಅದರಲ್ಲೇ ವಾಪಸು ಬರುತ್ತದೆ. ಹಾಗೆ ಮಾಡುವುದಾದರೆ ಆರ್ಮ್‌ಗಿಂತ ಮೊದಲು ಸ್ಪ್ರಿಂಗ್, ಆಮೇಲೆ ಅಳತೆ, ಆಮೇಲೆ ಬೋಲ್ಟ್ ಬಿಗಿಯುವುದು. ಟೈರ್ ಅಗಲ ಮಾಡಿದರೆ ಎತ್ತರ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ಲೆಕ್ಕ ಹಾಕಿ ನೋಡಿ: ನಿಮ್ಮ 165/80 ಆರ್14 ಟೈರಿನ ವ್ಯಾಸ ಸುಮಾರು 620 ಮಿ.ಮೀ., ಬದಲಿಗೆ ಹಾಕುವ 185/70 ಆರ್14ರದ್ದು 615. ಕಾರು ಎರಡೂವರೆ ಮಿ.ಮೀ. ಇಳಿಯುತ್ತದೆ.